ಗೋದಾಮಿನ ಮರೆಯಲ್ಲಿದ್ದ ಫಲಕ

ಗಾಳಿ ಮೇಷ್ಟ್ರು ಸೋಮವಾರ ಬೆಳಗಿನ ಜಾವ ಹೃದಯಾಘಾತದಿಂದ ತೀರಿಕೊಂಡರು. ಹತ್ತು ಗಂಟೆಗೆ ಟೈರ್ ಅಂಗಡಿಯ ಮುಂದೆ ಕ್ರೇನು ಬಂದು ನಿಂತಾಗ, ಅದನ್ನು ಬರಹೇಳಿದ ಅವರೇ ಇರಲಿಲ್ಲ.

ಪಾಠ ಹೇಳುವ ಮೇಷ್ಟ್ರಲ್ಲ ಅವರು. ಅಂಗಡಿಗಳ ಮುಂದೆ ಕಂಬದ ಮೇಲೆ ನಿಲ್ಲುವ ನಾಮಫಲಕಗಳನ್ನು ಗಾಳಿ ಎಷ್ಟು ನೂಕೀತು, ಕಂಬ ಎಷ್ಟು ದಪ್ಪವಿರಬೇಕು, ಬುನಾದಿ ಎಷ್ಟು ಆಳ ಎಂದು ಮೂವತ್ತು ವರ್ಷ ಲೆಕ್ಕ ಹಾಕಿಕೊಟ್ಟವರು. ಗಾಳಿಯ ವೇಗ ಎರಡರಷ್ಟಾದರೆ ನೂಕು ನಾಲ್ಕರಷ್ಟಾಗುತ್ತದೆ ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. "ಒಣಹಾಕಿದ ಸೀರೆ ಕಂಡ್ರೂ ಸಾಕು, ಕಂಬ ಅಲ್ಲಾಡಿಸಿ ನೋಡ್ತಾರೆ" ಎಂದು ಹೆಂಡತಿ ನಗುತ್ತಿದ್ದರು. ಅವರು ಲೆಕ್ಕ ಹಾಕಿದ ಒಂದು ಫಲಕವೂ ಬಿದ್ದಿರಲಿಲ್ಲ.

ಹೋದ ತಿಂಗಳು ಬಸ್ಸಿನ ಕಿಟಕಿಯಿಂದ ನೋಡಿದ ಮೇಷ್ಟ್ರು ಸೀಟಿನಿಂದ ಎದ್ದು ನಿಂತರು. ಟೈರ್ ಅಂಗಡಿಯ ಹಿಂದಿದ್ದ ಗೋದಾಮನ್ನು ಯಾರೋ ಕೆಡವಿಬಿಟ್ಟಿದ್ದರು. ಹನ್ನೊಂದು ವರ್ಷದ ಹಿಂದೆ ಅಂಗಡಿಯ ಫಲಕಕ್ಕೆ ಲೆಕ್ಕ ಹಾಕುವಾಗ, ಆ ಗೋದಾಮು ಅಡ್ಡವಿದೆಯಲ್ಲ ಎಂದು ಅವರು ಗಾಳಿಯ ವೇಗವನ್ನು ಕಡಿಮೆ ಹಿಡಿದಿದ್ದರು. ಈಗ ಫಲಕ ಬಟಾಬಯಲಲ್ಲಿ ನಿಂತಿತ್ತು; ಬುಡದಲ್ಲೇ ಬಸ್ ಸ್ಟಾಪು. ಮನೆಗೆ ಬಂದು ಹಳೆಯ ಕಡತ ತೆಗೆದು ಮೂರು ಸಲ ಲೆಕ್ಕ ಮಾಡಿದರು. ಮೂರು ಸಲವೂ ಬುನಾದಿ ಸಾಲಲಿಲ್ಲ.

ಫಲಕ ಇಳಿಸಲು ಅಂಗಡಿಯ ಮಾಲೀಕ ಸುತಾರಾಂ ಒಪ್ಪಲಿಲ್ಲ. "ಹನ್ನೊಂದು ವರ್ಷ ಅಲ್ಲಾಡ್ಲಿಲ್ಲ, ಸಾರ್. ಬೇಕಾದ್ರೆ ಬೋರ್ಡಿಗೆ ನಾಲ್ಕು ತೂತು ಕೊರೆಸ್ತೀನಿ, ಗಾಳಿ ಆಚೆ ಹೋಗತ್ತೆ."

"ನಾಲ್ಕು ತೂತಿಂದ ಏನೂ ಆಗಲ್ಲಪ್ಪ. ಇಳಿಸು."

"ಹಂಗಾದ್ರೆ ನಿಮ್ಮ ಲೆಕ್ಕ ತಪ್ಪು ಅಂತ ಬರ್ಕೊಡಿ."

ಮನೆಯಲ್ಲಿ ಇದನ್ನು ಕೇಳಿ ಹೆಂಡತಿ ಹೌಹಾರಿದರು. "ಬರ್ಕೊಟ್ರೆ ನಾಳೆ ಯಾರ್ರೀ ನಿಮ್ಮನ್ನ ನಂಬ್ತಾರೆ?"

"ಯಾರದೋ ಗೋಡೇನ ನಾನು ನಂಬಿದ್ನಲ್ಲ ಕಣೆ."

ಹಾಗೆಂದರೂ ಎರಡು ವಾರ ಪೆನ್ನು ಹಿಡಿಯುವುದು, ಕೆಳಗಿಡುವುದು. ಶನಿವಾರ ಗಾಳಿ ಜೋರಾಯಿತು. ಅವತ್ತೇ ಬರೆದು, ಸಹಿ ಹಾಕಿ, ತಾವೇ ಹೋಗಿ ಕೊಟ್ಟರು. ಮಾಲೀಕ ಓದಿ, ಇಳಿಸಲು ಒಪ್ಪಿದ. ಮೇಷ್ಟ್ರೇ ಕ್ರೇನಿಗೆ ಹೇಳಿದರು; ಸಿಕ್ಕಿದ್ದು ಸೋಮವಾರಕ್ಕೆ.

ನಡುವೆ ಭಾನುವಾರ ಉಳಿದಿತ್ತು. ಮಧ್ಯಾಹ್ನ ಬಸ್ ಸ್ಟಾಪಿಗೆ ಹೋದರು. ಗೆಳೆಯರಲ್ಲಿ ಯಾರನ್ನೂ ಸಹಾಯಕ್ಕೆ ಕರೆಯಲಿಲ್ಲ. ಕೂತವರನ್ನು ಎಬ್ಬಿಸಿ, ಕಬ್ಬಿಣದ ಬೆಂಚನ್ನು ಒಬ್ಬರೇ ಎಳೆಯತೊಡಗಿದರು.

"ಏನ್ ಸಾರ್, ನೆರಳಲ್ಲಿದ್ದಿದ್ದನ್ನ ಬಿಸಿಲಿಗೆ ಹಾಕ್ತಿದ್ದೀರಲ್ಲ?" ಎಂದಳು ಚೀಲ ಹಿಡಿದಿದ್ದ ಹೆಂಗಸು.

"ಒಂದಿನ ತಡ್ಕೊಳ್ಳಿ ತಾಯಿ."

ಫಲಕದ ಎತ್ತರ ಇಪ್ಪತ್ತನಾಲ್ಕು ಅಡಿ; ಬಿದ್ದರೆ ಅಷ್ಟು ದೂರ ಬಂದೀತು. ಕಂಬದಿಂದ ಹತ್ತು ಹೆಜ್ಜೆ ಎಣಿಸಿ ನಿಂತರು. ಏದುಸಿರು ಬಿಡುತ್ತ ಮೇಲೆ ನೋಡಿದರು. ಮತ್ತೆ ಬಾಗಿ, ಬೆಂಚನ್ನು ಇನ್ನೆರಡು ಹೆಜ್ಜೆ ಆಚೆಗೆ ಎಳೆದರು.