ಮಾ ದೊಕ್ಸುವಿನ ಹನ್ನೊಂದು ನಿಯಮಗಳು

ತೊಂಗ್ಯೊಂಗ್ ಬಂದರಿನಲ್ಲಿ ಮಾ ದೊಕ್ಸುವಿನಷ್ಟು ಜೋಪಾನದ ಮನುಷ್ಯ ಇನ್ನೊಬ್ಬನಿರಲಿಲ್ಲ. ರಸ್ತೆ ದಾಟಲು ಹಸಿರು ದೀಪ ಬಂದರೂ ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮತ್ತೊಮ್ಮೆ ದೀಪ ನೋಡುವಷ್ಟರಲ್ಲಿ ಅದು ಕೆಂಪಾಗಿರುತ್ತಿತ್ತು. ಅವನು ಬೇಸರವಿಲ್ಲದೆ ಮುಂದಿನ ಹಸಿರಿಗೆ ಕಾಯುತ್ತಿದ್ದ. ಸುಟ್ಟ ಗೆಣಸಿನ ಸಿಪ್ಪೆಯನ್ನು ಕೈಗವಸು ಹಾಕಿಕೊಂಡು ಸುಲಿಯುತ್ತಿದ್ದ. ಹಡಗು ಕಟ್ಟುವ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದು, ಕೊನೆಯ ಹದಿನಾಲ್ಕು ವರ್ಷ ಅದರ ಮುಖ್ಯಸ್ಥನಾಗಿ, ಅರವತ್ತಕ್ಕೆ ನಿವೃತ್ತನಾದವನು. ಅಷ್ಟು ಹಡಗುಗಳನ್ನು ನೀರಿಗಿಳಿಸಿ ಕಳಿಸಿದ ಮನುಷ್ಯ ತಾನು ಮಾತ್ರ ಒಂದು ಸಣ್ಣ ದೋಣಿಯನ್ನೂ ಹತ್ತಿರಲಿಲ್ಲ.

ಕಾರ್ಖಾನೆಯಲ್ಲಿ ದಿನಾ ಬೆಳಿಗ್ಗೆ ಎಂಟಕ್ಕೆ ಕೆಲಸಗಾರರನ್ನು ಸಾಲಾಗಿ ನಿಲ್ಲಿಸಿ ಅವನು ಸುರಕ್ಷತೆಯ ಪಾಠ ಹೇಳುತ್ತಿದ್ದ. ಕೊನೆಗೆ “ಪ್ರಶ್ನೆ ಇದೆಯಾ?” ಎಂದು ಕೇಳುತ್ತಿದ್ದ. ಬಹಳ ಹಿಂದೆ ಹೊಸದಾಗಿ ಸೇರಿದ್ದ ಒಬ್ಬ ಪಾಪದವನು ಇದೆ ಎಂದು ಕೈ ಎತ್ತಿದ್ದ. ಗಮನವಿಟ್ಟು ಕೇಳಿಲ್ಲ ಎಂಬ ಕಾರಣಕ್ಕೆ ಅವನು ಮೂರು ದಿನ ಎಲ್ಲರೆದುರು ನಿಂತು ಇಡೀ ಪಾಠವನ್ನು ಒಪ್ಪಿಸಬೇಕಾಯಿತು. ಆಮೇಲೆ ಯಾರೂ ಕೈ ಎತ್ತಲಿಲ್ಲ. ಅರ್ಥವಾಗುವ ಹಾಗೆ ಹೇಳಿದರೆ ಪ್ರಶ್ನೆ ಹುಟ್ಟುವುದೇ ಇಲ್ಲ ಎಂದು ದೊಕ್ಸು ಹೆಮ್ಮೆಪಡುತ್ತಿದ್ದ. ಅವನು ಮುಖ್ಯಸ್ಥನಾಗಿದ್ದ ಹದಿನಾಲ್ಕು ವರ್ಷದಲ್ಲಿ ಒಂದೇ ಒಂದು ಅಪಘಾತವೂ ದಾಖಲಾಗಿರಲಿಲ್ಲ.

ನಿವೃತ್ತಿಯಾದ ಮೇಲೆ ಪಾಠ ಕೇಳಲು ಹೆಂಡತಿ ಓಕ್‌ಹೀ ಒಬ್ಬಳೇ ಉಳಿದಳು. ಒಲೆ ಹಚ್ಚುವಾಗ, ಮೆಟ್ಟಿಲು ಇಳಿಯುವಾಗ, ಸೋಪು ಮುಟ್ಟುವಾಗಲೂ ಪಾಠ. ತಲೆಗೆ ಹೆಲ್ಮೆಟ್ ಇರುವ ಹಾಗೆ ಕಿವಿಗೂ ಒಂದು ಇದ್ದರೆ ತಂದುಕೊಡಿ ಎಂದು ಅವಳು ಕೈಮುಗಿದಿದ್ದಳು. ಹೀಗಿರುವಾಗ ಕೂ ಮಾನ್‌ಸಿಕ್ ಬಂದ. ಹದಿನಾಲ್ಕು ವರ್ಷ ದೊಕ್ಸುವಿನ ಕೈಕೆಳಗೆ ಉಪಮುಖ್ಯಸ್ಥನಾಗಿದ್ದವನು, ಈಗಲೂ ಸುಗ್ಗಿಹಬ್ಬಕ್ಕೆ ತಪ್ಪದೆ ಒಂದು ಪೆಟ್ಟಿಗೆ ಪೇರ್ ಹಣ್ಣು ತಂದುಕೊಡುವವನು. ತಾನೊಂದು ಹಳೆಯ ಹಾಯಿದೋಣಿ ಕೊಂಡು ಆರು ವರ್ಷವಾಯಿತು, ಸಾಹೇಬರು ಒಮ್ಮೆ ಬರಬೇಕು ಎಂದು ಕರೆದ. ಹೋಗಿ ಬನ್ನಿ, ಸಮುದ್ರಕ್ಕೂ ಸ್ವಲ್ಪ ಬುದ್ಧಿ ಹೇಳಿ ಬನ್ನಿ ಎಂದಳು ಓಕ್‌ಹೀ.

ದೊಕ್ಸು ಮೂರು ವಾರ ತಯಾರಿ ಮಾಡಿದ. ದುಬಾರಿ ಲೈಫ್ ಜಾಕೆಟ್ ಕೊಂಡು, ಅದು ನಿಜಕ್ಕೂ ತೇಲಿಸುತ್ತದೋ ನೋಡಬೇಕೆಂದು ಅದನ್ನು ಹಾಕಿಕೊಂಡೇ ಬೀದಿಯ ಸಾರ್ವಜನಿಕ ಸ್ನಾನದ ಮನೆಯ ತಣ್ಣೀರ ತೊಟ್ಟಿಗೆ ಇಳಿದ. ಮೈಮೇಲೆ ಕಿತ್ತಳೆ ಬಣ್ಣದ ಜಾಕೆಟ್ ಬಿಟ್ಟರೆ ಇನ್ನೇನೂ ಇರಲಿಲ್ಲ. ಬೆನ್ನು ಉಜ್ಜಿಸಿಕೊಳ್ಳುತ್ತಿದ್ದ ಮುದುಕರು ನಕ್ಕೂ ನಕ್ಕೂ ಸುಸ್ತಾದರು. ಜಾಕೆಟ್ ತೇಲಿಸಿತು. ಆಮೇಲೆ ಅವನು ಹನ್ನೊಂದು ನಿಯಮಗಳನ್ನು ಬರೆದು, ಲ್ಯಾಮಿನೇಷನ್ ಮಾಡಿಸಿ, ಕೊರಳಿಗೆ ನೇತುಹಾಕಿಕೊಂಡ. ಕುಡಿತ ಕೂಡದು ಎಂಬುದು ಐದನೆಯದು. ಹರಿತವಾದ ವಸ್ತು ಕೂಡದು ಎಂಬುದು ಎಂಟನೆಯದು. ಓಕ್‌ಹೀ ಅನ್ನದ ಕಿಂಬಾಪ್ ಸುರುಳಿ ಸುತ್ತಿ, ಜೊತೆಗೆ ಖಾರದ ಬೊಂಡಾಸ್ ಮೀನಿನ ಪಲ್ಯ ಕಟ್ಟಿ, ಅದನ್ನು ಕತ್ತರಿಸಿಕೊಳ್ಳಲು ಅಡುಗೆಮನೆಯ ಕತ್ತರಿಯನ್ನು ಅವನಿಗೆ ಕಾಣದಂತೆ ಬುತ್ತಿಯ ತಳದಲ್ಲಿಟ್ಟಳು.

ಏಪ್ರಿಲ್ ತಿಂಗಳ ಬೆಳಿಗ್ಗೆ. ಚೆರ್ರಿ ಹೂ ಉದುರಿ ಮುಗಿದಿದ್ದರೂ ನೀರಿಗೆ ಇನ್ನೂ ಚಳಿಗಾಲ ಬಿಟ್ಟಿರಲಿಲ್ಲ. ಜೆಟ್ಟಿಯಲ್ಲಿ ಮಾನ್‌ಸಿಕ್ ಹಗ್ಗಗಳತ್ತ ಕೈಮಾಡಿ, ಹೊರಡುವ ಮುಂಚೆ ಈ ನೀಲಿ ಹಗ್ಗದ ವಿಷಯ ಒಂದು ಮಾತು ಸಾರ್ ಎಂದು ಶುರುಮಾಡಿದ. ದೊಕ್ಸು ಅಂಗೈ ಎತ್ತಿ ಅವನನ್ನು ನಿಲ್ಲಿಸಿದ. ಪಾಠ ಮೊದಲು. ಇಪ್ಪತ್ತು ನಿಮಿಷ ಹನ್ನೊಂದೂ ನಿಯಮಗಳನ್ನು ಬಿಡಿಸಿ ಬಿಡಿಸಿ ಹೇಳಿದ. ಈ ತಿಂಗಳ ನೀರಿನಲ್ಲಿ ಬಿದ್ದವನಿಗೆ ಕಾಲು ಗಂಟೆಯಲ್ಲಿ ಬೆರಳು ಮರಗಟ್ಟುತ್ತವೆ, ಆಮೇಲೆ ಹಗ್ಗ ಕೊಟ್ಟರೂ ಹಿಡಿಯಲಾರ ಎಂದು ನಾಲ್ಕನೆಯದನ್ನು ಎರಡು ಸಲ ಹೇಳಿದ.

“ಪ್ರಶ್ನೆ ಇದೆಯಾ?”

ಮಾನ್‌ಸಿಕ್ ನೀಲಿ ಹಗ್ಗವನ್ನು ನೋಡಿದ. ಹಿರಿಯರು ಪಾಠ ಮುಗಿಸಿದ ಮೇಲೆ ಒಂದು ಮಾತು ಉಳಿದಿದೆ ಎನ್ನುವುದು, ಕರೆದು ಬಡಿಸಿದವರೆದುರು ಉಪ್ಪು ಕಡಿಮೆ ಎಂದ ಹಾಗೆ. ಹದಿನಾಲ್ಕು ವರ್ಷದ ಅಭ್ಯಾಸ ಬಾಯಿಗೆ ಬಂತು. “ಇಲ್ಲ ಸಾರ್,” ಎಂದ.

ದೊಕ್ಸು ತಾನೇ ಮಾನ್‌ಸಿಕ್‌ನ ಜಾಕೆಟ್ಟಿನ ಪಟ್ಟಿಗಳನ್ನು ಅವನಿಗೆ ಉಸಿರು ಸಿಕ್ಕಿಕೊಳ್ಳುವಷ್ಟು ಬಿಗಿದ. ಒಂಬತ್ತನೆಯ ನಿಯಮದಂತೆ, ಅಲುಗಾಡುವ ವಸ್ತುಗಳನ್ನೆಲ್ಲ ಮೂರು ಮೂರು ಗಂಟು ಹಾಕಿ ಕಟ್ಟಿದ. ಬಕೆಟ್ ಕಟ್ಟಿದ, ಹುಟ್ಟು ಕಟ್ಟಿದ, ಹಿಂಬದಿಯಲ್ಲಿ ನೀರಿಗಿಳಿಸುವ ಮಡಿಚುವ ಏಣಿಯನ್ನೂ ಕಟ್ಟಿದ. ಮಾನ್‌ಸಿಕ್ ಅದನ್ನೂ ನೋಡಿ ಸುಮ್ಮನಿದ್ದ.

ದೋಣಿ ಕೊಲ್ಲಿ ದಾಟಿತು. ಒಂದೇ ಹಾಯಿ, ಬೆನ್ನ ಹಿಂದಿನಿಂದ ಹಿತವಾದ ಗಾಳಿ. ಮಾನ್‌ಸಿಕ್ ಒಳ್ಳೆಯ ಜಾಗಕ್ಕೆ ದಿಂಬು ಹಾಕಿ ಸಾಹೇಬರನ್ನು ಕೂರಿಸಿದ್ದ. ಏನಾದರೂ ಹಿಡಿಯಲೇ ಎಂದು ದೊಕ್ಸು ಕೈ ಚಾಚಿದಾಗಲೆಲ್ಲ, ನೀವು ಸುಮ್ಮನೆ ಕೂತಿರಿ ಸಾರ್ ಎನ್ನುತ್ತಿದ್ದ. ಹೀಗೆ ಒಂದು ಗಂಟೆಯಲ್ಲಿ ದೊಕ್ಸು ಕಲಿತದ್ದು ದಿಂಬು ಮೆತ್ತಗಿದೆ ಎಂಬುದನ್ನು ಮಾತ್ರ. ಆದರೂ ಹಾಯಿ ನಡೆಸುವುದು ಅಂಥ ಕಷ್ಟವೇನಲ್ಲ, ಮುಂದೆ ಹೊಸಬರಿಗೆ ತಾನೇ ಒಂದು ತರಗತಿ ನಡೆಸಬಹುದು ಎಂದು ಅವನಿಗೆ ಅನ್ನಿಸತೊಡಗಿತ್ತು.

ಆಗ ದೊಕ್ಸುವಿನ ಲೋಟ ಖಾಲಿಯಾಯಿತು. ಅದರಲ್ಲಿದ್ದದ್ದು ಬಾರ್ಲಿ ನೀರು. ಐದನೆಯ ನಿಯಮದ ಪ್ರಕಾರ ಮಾನ್‌ಸಿಕ್ ತಂದಿದ್ದ ಅಕ್ಕಿ ಹೆಂಡ ಕಾರಿನಲ್ಲೇ ಉಳಿದಿತ್ತು. ಹೆಂಡವಾಗಲಿ ಬಾರ್ಲಿ ನೀರಾಗಲಿ, ಹಿರಿಯರ ಲೋಟ ಖಾಲಿ ಇರುವುದನ್ನು ನೋಡುತ್ತ ಕೂರುವುದು ಹೇಗೆ? ಹಿರಿಯರಿಗೆ ಮರ್ಯಾದೆ ಬಿಟ್ಟು ಒಂದೇ ಕೈಯಲ್ಲಿ ಬಗ್ಗಿಸುವುದಂತೂ ಹುಟ್ಟಿದಾರಭ್ಯ ಮಾನ್‌ಸಿಕ್‌ಗೆ ಗೊತ್ತಿಲ್ಲದ ಕೆಲಸ. ಚುಕ್ಕಾಣಿಯ ಹಿಡಿಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಎದ್ದು, ಸೊಂಟ ಬಾಗಿಸಿ, ಎರಡೂ ಕೈಯಲ್ಲಿ ಫ್ಲಾಸ್ಕ್ ಹಿಡಿದು ಬಗ್ಗಿಸಿದ. ಮಂಡಿ ಜಾರಿತು. ದೋಣಿ ಗಿರ್ರನೆ ತಿರುಗಿತು, ಗಾಳಿ ಹಾಯಿಯ ಇನ್ನೊಂದು ಮೈಗೆ ಬಡಿಯಿತು, ಹಾಯಿಯ ಬುಡದ ಅಡ್ಡಮರ ಬೀಸಿಬಂದು ಮಾನ್‌ಸಿಕ್‌ನ ಭುಜಕ್ಕೆ ಹೊಡೆದು ಅವನನ್ನು ಸಮುದ್ರಕ್ಕೆ ಕೆಡವಿತು. ತಗ್ಗಿನಲ್ಲಿ ಕೂತಿದ್ದ ದೊಕ್ಸುವಿನ ತಲೆಯ ಮೇಲಿಂದ ಅದು ಹಾದುಹೋಯಿತು. ಅವನ ತೊಡೆಯ ಮೇಲೆ ಬಾರ್ಲಿ ನೀರು ಚೆಲ್ಲಿತ್ತು, ಅಷ್ಟೆ.

ದೋಣಿ ನಿಲ್ಲಲಿಲ್ಲ. ಯಜಮಾನ ಬಿದ್ದುಹೋದದ್ದು ಅದಕ್ಕೆ ಗೊತ್ತಿರಲಿಲ್ಲ. ಗಾಳಿಗೆ ಅಡ್ಡ ತಿರುಗಿ ವಾಲಿಕೊಂಡು ಓಡಿತು. ದೊಕ್ಸು ಕೊರಳಿನ ಹಾಳೆಯನ್ನು ಎತ್ತಿ ಓದಿದ. ಹನ್ನೊಂದೂ ನಿಯಮಗಳು ತನ್ನನ್ನು ಕಾಪಾಡಿಕೊಳ್ಳುವುದಕ್ಕಿದ್ದವು. ದೋಣಿ ಬಲ್ಲ ಒಬ್ಬನೇ ಒಬ್ಬ ಬಿದ್ದರೆ ಏನು ಎಂಬುದು ಎಲ್ಲಿಯೂ ಇರಲಿಲ್ಲ. ಹಿಂದೆ ಮಾನ್‌ಸಿಕ್‌ನ ತಲೆ ಅಲೆಗಳ ನಡುವೆ ಚಿಕ್ಕದಾಗುತ್ತಿತ್ತು. ನಾಲ್ಕನೆಯ ನಿಯಮ ನೆನಪಾಗಿ ದೊಕ್ಸು ಗಡಿಯಾರ ನೋಡಿಕೊಂಡ.

ದೂರದಿಂದ ಮಾನ್‌ಸಿಕ್‌ನ ದನಿ ಬಂತು. ಸಾರ್, ಸಾಧ್ಯವಾದರೆ, ಹಗ್ಗವನ್ನು ಸ್ವಲ್ಪ ಎಂದೇನೋ ಹೇಳುತ್ತಿದ್ದ. ಮರ್ಯಾದೆಯ ಮಾತೆಲ್ಲ ಮುಗಿಯುವ ಮುಂಚೆ ಅಲೆಯೊಂದು ಬಾಯಿಗೆ ನುಗ್ಗಿತು. ದೊಕ್ಸುವಿನ ಸುತ್ತ ಐದು ಹಗ್ಗಗಳಿದ್ದವು. ಒಂದನ್ನು ಎಳೆದ, ಏನೂ ಆಗಲಿಲ್ಲ. ಆಗ ಅವನು ಇಪ್ಪತ್ತೊಂಬತ್ತು ವರ್ಷದಲ್ಲಿ ಯಾರ ಎದುರಿಗೂ ಆಡದ ಮಾತನ್ನು ಗಂಟಲು ಹರಿಯುವಂತೆ ಕೂಗಿದ.

“ನಂಗೆ ಗೊತ್ತಿಲ್ಲ ಮಾನ್‌ಸಿಕ್! ಏನ್ ಮಾಡ್ಬೇಕು, ಹೇಳು!”

“ನೀಲಿ ಹಗ್ಗ ಬಿಡೋ ಲೇ, ಮುದುಕಾ!”

ಹಾಯಿಯನ್ನು ಬಿಗಿಹಿಡಿದಿದ್ದ ಅದನ್ನು ದೊಕ್ಸು ಗೂಟದಿಂದ ಬಿಚ್ಚಿಬಿಟ್ಟ. ಹಾಯಿ ಪಟಪಟ ಬಡಿದುಕೊಂಡು ಸೋತಿತು. ದೋಣಿ ನಿಧಾನವಾಗಿ, ಏನೂ ನಡೆದಿಲ್ಲವೆಂಬಂತೆ ನಿಂತಿತು. ಆ ಒಂದು ಹಗ್ಗದ ವಿಷಯ ಹೇಳಲು ಜೆಟ್ಟಿಯಲ್ಲಿ ಅರ್ಧ ನಿಮಿಷ ಸಾಕಾಗುತ್ತಿತ್ತು.

ಮಾನ್‌ಸಿಕ್ ಈಜಿಬಂದ, ಆದರೆ ಹತ್ತಿರ ಬರುವ ಹೊತ್ತಿಗೆ ತುಟಿ ನೀಲಿಗಟ್ಟಿತ್ತು. ದೊಕ್ಸು ಅವನ ಜಾಕೆಟ್ ಹಿಡಿದೆಳೆದರೆ ಭಾರಕ್ಕೆ ತಾನೇ ಮುಗ್ಗರಿಸುವಂತಾಯಿತು. ಏಣಿ ಬೇಕು. ಏಣಿಗೆ ಅವನದೇ ಮೂರು ಗಂಟು. ನೆನೆದ ಗಂಟು ಉಗುರಿಗೆ ಬಗ್ಗಲಿಲ್ಲ, ಹಲ್ಲಿಗೂ ಬಗ್ಗಲಿಲ್ಲ. ಹರಿತವಾದದ್ದು ಏನಾದರೂ ಸಿಕ್ಕೀತೆಂದು ಚೀಲಗಳನ್ನೆಲ್ಲ ತಿರುವಿಹಾಕಿದ. ಬುತ್ತಿ ಚೆಲ್ಲಿ ಕತ್ತರಿ ಟಣ್ಣನೆ ಬಿತ್ತು. ಹೆಂಡತಿ ನಿಯಮ ಮುರಿದದ್ದಕ್ಕೆ ದೊಕ್ಸು ಮೊದಲ ಬಾರಿಗೆ ದೇವರಿಗೆ ಕೈಮುಗಿದ. ಹಗ್ಗ ಕತ್ತರಿಸಿ, ಏಣಿ ಇಳಿಸಿ, ಒದ್ದೆ ಮೂಟೆಯಂತಿದ್ದ ಮಾನ್‌ಸಿಕ್‌ನನ್ನು ಮೇಲೆಳೆದುಕೊಂಡ.

ಚೀಲದಲ್ಲಿ ಎರಡು ಜೊತೆ ಉಣ್ಣೆಯ ಒಳ ಉಡುಪುಗಳಿದ್ದವು. ಅದು ಹತ್ತನೆಯ ನಿಯಮ. ಮಾನ್‌ಸಿಕ್‌ಗೆ ಎರಡನ್ನೂ ತೊಡಿಸಿ ಕಂಬಳಿ ಹೊದಿಸಿದ. ಮಾನ್‌ಸಿಕ್ ಹಲ್ಲು ಕಟಕಟಿಸುತ್ತಲೇ ಲೇ ಅಂದದ್ದಕ್ಕೆ, ಮುದುಕ ಅಂದದ್ದಕ್ಕೆ ಬೇರೆ ಬೇರೆಯಾಗಿ ಕ್ಷಮೆ ಕೇಳಿದ. ಅವನ ಬೆರಳುಗಳು ಮಡಿಚುತ್ತಿರಲಿಲ್ಲ. ಚುಕ್ಕಾಣಿ ದೊಕ್ಸುವೇ ಹಿಡಿಯಬೇಕಾಯಿತು. ಎತ್ತ ತಿರುಗಿಸಲಿ, ಎಷ್ಟು ತಿರುಗಿಸಲಿ, ಹಾಯಿ ಯಾಕೆ ನಡುಗುತ್ತಿದೆ ಎಂದು ಮಗುವಿನಂತೆ ಕೇಳುತ್ತ, ಹೇಳಿದ ಹಾಗೆ ಮಾಡುತ್ತ ದೋಣಿಯನ್ನು ಮನೆಯತ್ತ ತಿರುಗಿಸಿದ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ:

“ಜೆಟ್ಟೀಲೇ ಯಾಕೆ ಹೇಳ್ಲಿಲ್ಲ ನೀನು?”

“ನೀವು ಪ್ರಶ್ನೆ ಇದೆಯಾ ಅಂದ್ರಿ ಸಾರ್,” ಎಂದ ಮಾನ್‌ಸಿಕ್. “ನನ್ ಹತ್ರ ಪ್ರಶ್ನೆ ಇರ್ಲಿಲ್ಲ. ಉತ್ತರ ಇತ್ತು.”

ದೊಕ್ಸುವಿಗೆ ನಾಚಿಕೆಯಾಯಿತು. ಅದರ ಹಿಂದೆಯೇ, ನೀರಿನಲ್ಲಿ ಆ ತಲೆ ಚಿಕ್ಕದಾಗುತ್ತಿದ್ದಾಗ ಆದದ್ದಕ್ಕಿಂತ ದೊಡ್ಡ ಭಯವೊಂದು ಬಂತು. ಕೇಳದೆ ಬಿಡಬಹುದಿತ್ತು. ಅರವತ್ತು ದಾಟಿದವನು ಹಳೆಯದನ್ನು ಕೆದಕಿ ಆಗಬೇಕಾದ್ದೇನು?

“ಕಾರ್ಖಾನೇಲೂ ಹೀಗೇ ಇತ್ತಾ?”

ಮಾನ್‌ಸಿಕ್ ಕಂಬಳಿಯನ್ನು ಎಳೆದುಕೊಂಡ. ಮೊದಲು ಚುಕ್ಕಾಣಿಯನ್ನು ಸ್ವಲ್ಪ ತಮ್ಮ ಕಡೆ ಎಳೆದುಕೊಳ್ಳಿ ಎಂದ. ದೊಕ್ಸು ಎಳೆದುಕೊಂಡು ಕಾದ.

“ನಿಮ್ ಕಾಲದಲ್ಲಿ ಯಾರಿಗೂ ಏಟಾಗ್ಲಿಲ್ಲ ಅಂತ ಅಂದ್ಕೊಂಡಿದೀರಲ್ಲ ಸಾರ್,” ಎಂದ ಮಾನ್‌ಸಿಕ್ ಮೆಲ್ಲಗೆ. “ಯಾವ ವರ್ಷದಿಂದ ಹೇಳ್ಲಿ?”

“ಮೊದ್ಲಿಂದ ಹೇಳು.”

ಮಾನ್‌ಸಿಕ್ ಶುರುಮಾಡಿದ. ವೆಲ್ಡಿಂಗ್ ಶೆಡ್ಡಿನ ಯಾಂಗ್‌ನ ಎರಡು ಬೆರಳು. ಮನೆಯ ಬಾಗಿಲಿಗೆ ಸಿಕ್ಕಿ ಹೋದವೆಂದು ಬರೆಸಿದ್ದು. ಬಣ್ಣ ಬಳಿಯುವ ಬೇ ಎಂಬವನು ಅಟ್ಟಣೆಯಿಂದ ಬಿದ್ದದ್ದು. ಅತ್ತೆಗೆ ಹುಷಾರಿಲ್ಲವೆಂದು ಎರಡು ತಿಂಗಳ ರಜೆ ಹಾಕಿಸಿದ್ದು. ಸಾಹೇಬರ ಮುಂದೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ತನಗೂ ಇರಲಿಲ್ಲ. ದೊಕ್ಸುವಿಗೆ ಒಂದೊಂದು ಹೆಸರಿನ ಮುಖವೂ ಗೊತ್ತಿತ್ತು. ಅವರೆಲ್ಲ ದಿನಾ ಬೆಳಿಗ್ಗೆ ಎಂಟಕ್ಕೆ ಅವನೆದುರು ಸಾಲಾಗಿ ನಿಂತವರು. ಅವನು ನಡುವೆ ಬಾಯಿ ಹಾಕಲಿಲ್ಲ. ಒಂದು ಹೆಸರು ಮುಗಿದಾಗ, ಆಮೇಲೆ, ಎಂದು ಮಾತ್ರ ಕೇಳಿದ.

ದೋಣಿ ಜೆಟ್ಟಿ ಮುಟ್ಟಿದಾಗ ಮಾನ್‌ಸಿಕ್ ಇನ್ನೂ ನಾಲ್ಕನೆಯ ವರ್ಷದಲ್ಲಿದ್ದ.