ಗೆರಾರ್ಡ್ ಮಾಡಿದ ಬಿಳಿ ಸಾಸೇಜು

ಗೆರಾರ್ಡ್ ಮೂವತ್ತೊಂದು ವರ್ಷ ಕಲ್ಲಿದ್ದಲು ಗಣಿಯಲ್ಲಿ ದುಡಿದವನು. ಗಣಿಯೊಳಗೆ ಇಳಿದಿರಲಿಲ್ಲ, ಅಷ್ಟೆ. ಮೇಲಿನ ಕೋಣೆಯಲ್ಲಿ ಕೂತು ಇಳಿಯುವವರ ಕೈಗೆ ದೀಪ ಕೊಡುತ್ತಿದ್ದ. ದೀಪದ ಜೊತೆಗೆ, ಯಾರೂ ಕೇಳದಿದ್ದರೂ, ಕಲ್ಲಿದ್ದಲು ಅಗೆಯುವುದು ಹೇಗೆಂದು ನಾಲ್ಕು ಬುದ್ಧಿಮಾತನ್ನೂ ಕೊಡುತ್ತಿದ್ದ. ನಿವೃತ್ತನಾದ ಮೇಲೆ ಆ ಬುದ್ಧಿಮಾತಿಗೆಲ್ಲ ಉಳಿದವಳು ಹೆಂಡತಿ ಒತಿಲ್ಯಾ ಒಬ್ಬಳೇ.

ಈಸ್ಟರ್ ಬಂತೆಂದರಂತೂ ಕೇಳುವುದೇ ಬೇಡ. ಹಬ್ಬದ ಬೆಳಗಿನ ತಿಂಡಿಗೆ ಮನೆಯಲ್ಲೇ ಮಾಡಿದ ಬಿಳಿ ಸಾಸೇಜು ಆಗಬೇಕು. ಹಂದಿಮಾಂಸ ಅರೆಯುವವಳು, ಬೆಳ್ಳುಳ್ಳಿ ಜಜ್ಜುವವಳು, ಒಣಗಿದ ಮರುಗ ಉಜ್ಜಿ ಹಾಕಿ ಕಲಸುವವಳು, ಅದನ್ನು ತೊಳೆದ ಹಂದಿಕರುಳಿನೊಳಗೆ ತುಂಬುವವಳು ಒತಿಲ್ಯಾ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಸಾಸೇಜು 'ಮಾಡುವವನು' ಗೆರಾರ್ಡ್.

"ನೀರು ಕುದೀಬಾರ್ದು ಕಣೇ, ಕುದ್ರೆ ಸಿಡಿಯತ್ತೆ!" ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಸಿಡಿಸದವಳಿಗೆ ಪ್ರತಿವರ್ಷ ಈ ಪಾಠ.

ಆ ಸಲ ಹಬ್ಬದ ಹಿಂದಿನ ಗುರುವಾರ ಒತಿಲ್ಯಾ ಚರ್ಚಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಉಳುಕಿಸಿಕೊಂಡಳು.

"ಈ ಸಲ ಅಂಗಡೀದೇ ತಂದ್ರಾಯ್ತು ಬಿಡ್ರೀ," ಎಂದಳು.

"ಅಂಗಡೀದಾ? ನಾನಿನ್ನೂ ಬದುಕಿದೀನಿ!" ಎಂದು ಗೆರಾರ್ಡ್ ಗುಡುಗಿದ.

ಶನಿವಾರ ಬೆಳಿಗ್ಗೆ ಅಂಗಿಯ ತೋಳು ಮಡಿಚಿ ನಿಂತ. ಒತಿಲ್ಯಾ ಹೋಗಿ ಅವನ ಕುರ್ಚಿಯಲ್ಲಿ ಕೂತಳು. ಕೂತವಳು ತುಟಿಪಿಟಕ್ಕೆನ್ನಲಿಲ್ಲ. ಅದೇ ಅವನಿಗೆ ತಡೆಯಲಾಗದ ಹಿಂಸೆಯಾಯಿತು.

"ಉಪ್ಪು ಎಷ್ಟೇ?"

"ಎಷ್ಟು ಬೇಕೋ ಅಷ್ಟು."

"ಕರುಳು ನೆನೆಸ್ಬೇಕಾ?"

"ಅಯ್ಯೋ, ನಿಮಗೇ ಗೊತ್ತಿಲ್ದಿದ್ದು ನಂಗೇನ್ರೀ ಗೊತ್ತಿರತ್ತೆ?"

ಮೊಣಕೈವರೆಗೆ ಮಾಂಸ ಮೆತ್ತಿಕೊಂಡು ನಿಂತಾಗ ಗೆರಾರ್ಡನಿಗೆ ಹೊಳೆಯಿತು: ಇಷ್ಟು ವರ್ಷ ಆ ಕುರ್ಚಿಯಿಂದ ಅವನಿಗೆ ಕಾಣುತ್ತಿದ್ದದ್ದು ಅವಳ ಬೆನ್ನು, ಕೈಯಲ್ಲ. ಕೊನೆಗೆ ಪಾಪವೆನಿಸಿ ಒತಿಲ್ಯಾಳೇ, "ಚೂರು ಬೇಯ್ಸಿ ರುಚಿ ನೋಡಿ, ಉಪ್ಪು ತಿಳಿಯತ್ತೆ," ಎಂದಳು. ನೋಡಿದ. ಸಂಜೆಯ ಹೊತ್ತಿಗೆ ಬಿರಿಯುವಷ್ಟು ತುಂಬಿದ ಎಂಟು ಸಾಸೇಜುಗಳು ತಯಾರಾದವು.

ಭಾನುವಾರ ಸಾಸೇಜು ಹಾಕಿದ ನೀರಿನ ಪಾತ್ರೆಯನ್ನು ಒಲೆಗಿಟ್ಟ. ಅಷ್ಟರಲ್ಲಿ ನಾದಿನಿ ಕ್ಲಾರಾ ಗಂಡನೊಡನೆ ಬಂದಳು. ಮಹಾನುಭಾವ ಬಾಗಿಲಲ್ಲೇ ಅವರನ್ನು ನಿಲ್ಲಿಸಿಕೊಂಡು, ಸಾಸೇಜು ಬೇಯಿಸುವಾಗ ನೀರು ಯಾಕೆ ಕುದಿಯಬಾರದು ಎಂದು ವಿವರಿಸತೊಡಗಿದ. ವಿವರಣೆ ಮುಗಿಯುವಷ್ಟರಲ್ಲಿ ನೀರು ಕೊತಕೊತ ಕುದಿದು, ಕರುಳೊಂದು ಕಡೆ, ಮಾಂಸವೊಂದು ಕಡೆ ತೇಲುತ್ತಿದ್ದವು.

ಪಾತ್ರೆ ಮೇಜಿಗೆ ಬಂತು. ಕ್ಲಾರಾ ಇಣುಕಿದಳು. "ಇದೇನು ಭಾವ?"

"ನಮ್ಮಜ್ಜನ ಕಾಲದ ಪದ್ಧತಿ. ಬಿಡಿ ಸಾಸೇಜು. ಈಗಿನವ್ರಿಗೆಲ್ಲಿ ಗೊತ್ತು!"

"ನಿಮ್ಮಜ್ಜನಿಗೆ ಹಲ್ಲಿರ್ಲಿಲ್ವಾ?"

ಚರ್ಚಿನಲ್ಲಿ ಮಂತ್ರಿಸಿ ತಂದ ಹಬ್ಬದ ಮೊಟ್ಟೆ ಹಂಚಿಕೊಂಡು ಎಲ್ಲರೂ ತಟ್ಟೆಗೆ ಕೈ ಹಾಕಿದರು. ಒತಿಲ್ಯಾ ಎಡಗೈಯಿಂದ ಆ ಮಾಂಸವನ್ನು ಬ್ರೆಡ್ಡಿನ ಮೇಲೆ ಹರಡಿಕೊಂಡು ತಿಂದಳು. ಗೆರಾರ್ಡ್ ಪರೀಕ್ಷೆ ಬರೆದ ಹುಡುಗನಂತೆ ಅವಳ ಮುಖವನ್ನೇ ನೋಡುತ್ತಿದ್ದ.

"ಉಪ್ಪು ಹದವಾಗಿದೆ ರೀ," ಎಂದಳು.

ಅವನ ಮುಖ ಕೆಂಪಾಯಿತು. ಅಷ್ಟು ಚಿಕ್ಕ ಮಾತನ್ನು ತಾನು ಅವಳಿಗೆ ಒಮ್ಮೆಯೂ ಹೇಳಿರಲಿಲ್ಲವೆಂಬುದು ಆಗ ನೆನಪಾಗಿರಬೇಕು. ಎದ್ದು, ಯಾರೂ ಹೇಳದೆಯೇ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದ.

"ಭಾವನಿಗೆ ಬುದ್ಧಿ ಬಂತೇನಕ್ಕ?" ಕ್ಲಾರಾ ಪಿಸುಗುಟ್ಟಿದಳು.

"ಅಷ್ಟೆಲ್ಲಾ ಆಸೆ ಯಾಕೆ? ಪಾತ್ರೆ ತೊಳೀತಿದಾರೆ, ಸಾಕು."

ಒಳಗೆ ಗೆರಾರ್ಡ್, ಜೊತೆಗೆ ಬಂದ ಷಡ್ಡಕನಿಗೆ, ತಟ್ಟೆ ಒರೆಸುವ ಸರಿಯಾದ ಕ್ರಮ ಹೇಳಿಕೊಡುತ್ತಿದ್ದ.