ಎರಡು ಒಲೆಯ ಮನೆಗೆ ಬಂದ ಬುಟ್ಟಿ

೧೯೩೬ರ ಜನವರಿಯಲ್ಲಿ, ಬೋಳಾರದ ನದಿ ದಂಡೆಯ ಹೆಂಚಿನ ಕಾರ್ಖಾನೆಯ ಆಟೋಟದಲ್ಲಿ, ಹೆಂಗಸರ ಬುಟ್ಟಿ ಓಟವನ್ನು ನನ್ನ ಚಿಕ್ಕಮ್ಮ ಗೆದ್ದಳು. ಅಮ್ಮ ಎರಡನೆಯವಳಾದಳು. ಅದರ ಹಿಂದಿನ ವರ್ಷಗಳಲ್ಲೆಲ್ಲ ಗೆದ್ದವಳು ಅಮ್ಮನೇ.

ಹಸಿ ಮಣ್ಣು ತುಂಬಿದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು, ಕೈ ತಾಗಿಸದೆ, ಮಣ್ಣಿನ ಕೊಟ್ಟಿಗೆಯಿಂದ ಕಾರ್ಖಾನೆಯ ಗೇಟಿನವರೆಗೆ ಹೋಗಬೇಕು. ಅಲ್ಲಿ ಯಾರ ಬುಟ್ಟಿ ಮೊದಲು ನೆಲಕ್ಕೆ ಇಳಿಯುತ್ತದೋ ಅವಳು ಗೆದ್ದಂತೆ. ಬಹುಮಾನ ಒಂದು ಹೊಸ ಬೆತ್ತದ ಬುಟ್ಟಿ. ಕೆಲಸದ ಬುಟ್ಟಿಗಳೆಲ್ಲ ಕಾರ್ಖಾನೆಯವು. ಸಂಜೆ ಅಲ್ಲೇ ಕವುಚಿ ಹಾಕಿ ಬರಬೇಕು. ಗೆದ್ದದ್ದು ಮಾತ್ರ ಸ್ವಂತದ್ದು. ಅಮ್ಮ ಅದನ್ನು ಮೀನಿಗೆ ಒಯ್ಯುತ್ತಿರಲಿಲ್ಲ. ಮಂಗಳಾದೇವಿಗೆ ಹಣ್ಣುಕಾಯಿ ಒಯ್ಯುವ ದಿನ ಗೋಡೆಯ ಆಣಿಯಿಂದ ತೆಗೆಯುತ್ತಿದ್ದಳು, ಆಮೇಲೆ ನಾಲ್ಕು ಜನ ನೋಡಲೆಂದು ಸುತ್ತು ದಾರಿಯಲ್ಲಿ ಹೋಗುತ್ತಿದ್ದಳು.

ಮಣ್ಣಿನ ಬುಟ್ಟಿಯನ್ನು ಒಬ್ಬಳೇ ತಲೆಗೆ ಏರಿಸಲಿಕ್ಕೂ ಇಳಿಸಲಿಕ್ಕೂ ಆಗುವುದಿಲ್ಲ. ಹೆಂಗಸರು ಜೋಡಿಯಾಗಿ ಕೆಲಸ ಮಾಡುತ್ತಿದ್ದರು. ಅಮ್ಮನ ಜೋಡಿ ಚಿಕ್ಕಮ್ಮ, ಅಪ್ಪನ ತಮ್ಮನ ಹೆಂಡತಿ. ಓಟದ ದಿನವೂ ಅಮ್ಮನಿಗೆ ಬುಟ್ಟಿ ಎತ್ತಿಕೊಟ್ಟು, ಓಟದ ದಾರಿಗೆ ಕಟ್ಟಿದ ಹಗ್ಗದ ಬದಿಯಿಂದ ಓಡಿ, ಇಳಿಸಲಿಕ್ಕೆ ಗೇಟಿನಲ್ಲಿ ಮೊದಲೇ ನಿಂತಿರುತ್ತಿದ್ದವಳು ಅವಳೇ.

ಆ ವರ್ಷ ಅವಳು ತಲೆಗೆ ಇಡುವ ಸಿಂಬೆ ಸುತ್ತುತ್ತ ಹೇಳಿದಳು: "ಎತ್ತಿಕೊಡಲಿಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಅಕ್ಕ. ನಾನೂ ಓಡ್ತೇನೆ."

"ಓಡು. ಬೇಡ ಹೇಳಿದವರು ಯಾರು?"

ಅಂದಿನಿಂದ ಅಮ್ಮನಿಗೆ ಅವಳ ನಡಿಗೆ ಕಣ್ಣಿಗೆ ಬೀಳತೊಡಗಿತು. "ನೋಡು, ಬಾವಿಯಿಂದ ಬರುವಾಗಲೂ ಕೊಡಕ್ಕೆ ಕೈ ಹಿಡಿಯುವುದಿಲ್ಲ. ಎಂತ ಬಿಂಕ!" ಎಂದು ನನ್ನೊಡನೆ ಹೇಳಿದಳು. ಅಮ್ಮನೂ ಹಿಡಿಯುತ್ತಿರಲಿಲ್ಲ.

ಓಟದ ದಿನ ಜೊತೆಯ ಹೆಂಗಸೊಬ್ಬಳು ಕೆಣಕಿದಳು: "ಯಾರು ಗೆದ್ದರೂ ಬುಟ್ಟಿ ಒಂದೇ ಮನೆಗೆ ಅಲ್ವಾ ಮಾರಾಯ್ತಿ?"

"ಮನೆ ಒಂದೇ. ಒಲೆ ಎರಡು ಉಂಟು," ಎಂದಳು ಅಮ್ಮ.

ಚಿಕ್ಕಮ್ಮ ಮೊದಲು ಗೇಟು ಮುಟ್ಟಿದಳು. ಬೆನ್ನಿಗೇ ಅಮ್ಮ. ಇಬ್ಬರಿಗೂ ಬುಟ್ಟಿ ಎತ್ತಿಕೊಟ್ಟವರು ಇನ್ನೂ ಅರ್ಧ ದಾರಿಯಲ್ಲಿ ಓಡಿ ಬರುತ್ತಿದ್ದರು. ನೋಡುವವರು ಹಗ್ಗ ದಾಟುವಂತಿರಲಿಲ್ಲ. ತಲೆಯ ಮೇಲೆ ಮಣ್ಣು ಹೊತ್ತು ಇಬ್ಬರೂ ಎದುರುಬದುರಾಗಿ ನಿಂತರು. ಮೂರನೆಯವಳು ಹತ್ತಿರವಾಗುತ್ತಿದ್ದಳು.

"ಅಕ್ಕ, ಹಿಡಿಯಿರಿ," ಎಂದಳು ಚಿಕ್ಕಮ್ಮ. ಕೆಲಸದಲ್ಲಿ ದಿನವಿಡೀ ಹೇಳುವ ಮಾತು.

ಅಮ್ಮನ ಎರಡೂ ಕೈ ಮುಂದೆ ಹೋದವು. ಇಬ್ಬರೂ ಒಟ್ಟಿಗೆ ಮೊಣಕಾಲು ಬಗ್ಗಿಸಿದರು. ಚಿಕ್ಕಮ್ಮನ ಬುಟ್ಟಿ ನೆಲ ಮುಟ್ಟಿತು. ಅಮ್ಮನ ತಲೆಯ ಮೇಲಿನದು ಅಲುಗಲಿಲ್ಲ. ಸೀಟಿ ಊದಿದರು. ಮೂರನೆಯವಳು ತಲುಪುವ ಮೊದಲೇ ಚಿಕ್ಕಮ್ಮ ಅಮ್ಮನದನ್ನೂ ಇಳಿಸಿದಳು.

"ಎಂತ ಮಾರಾಯ್ತಿ, ನೀನೇ ಗೆಲ್ಲಿಸಿದ್ಯಲ್ಲ!" ಹೆಂಗಸರು ನಕ್ಕರು.

"ಹಿಡಿಯಿರಿ ಅಂದಳು. ಕೈ ಹೋಯಿತು," ಎಂದಳು ಅಮ್ಮ. "ಅವಳಿಗೆ ಗೊತ್ತಿತ್ತು."

ಮರುದಿನ ಇಬ್ಬರೂ ಎಂದಿನಂತೆ ಜೋಡಿಯಾಗಿ ಮಣ್ಣು ಹೊತ್ತರು. ಮನೆಯಲ್ಲಿ ಅಮ್ಮ ತನ್ನ ಹಳೆಯ ಬಹುಮಾನದ ಬುಟ್ಟಿಗಳನ್ನು ಅಟ್ಟಕ್ಕೆ ಹಾಕಿದಳು. ಮುಂದಿನ ವರ್ಷ ಓಡಲಿಲ್ಲ. ಚಿಕ್ಕಮ್ಮ ಓಡಿದಳು, ಗೇಟಿನಲ್ಲಿ ಇಳಿಸುವವರು ಬೇಗ ಸಿಗದೆ ಮೂರನೆಯವಳಾದಳು. ಯುದ್ಧ ಶುರುವಾದ ಮೇಲೆ ಕಾರ್ಖಾನೆ ಆಟೋಟ ನಿಲ್ಲಿಸಿತು.

ಚಿಕ್ಕಮ್ಮ ಗೆದ್ದ ಬುಟ್ಟಿಯಲ್ಲಿ ಈಗ ಅವಳ ಕೋಳಿ ಕಾವಿಗೆ ಕೂತಿದೆ. ಅಮ್ಮ ಅದನ್ನು ಇಂದಿನವರೆಗೆ ಮುಟ್ಟಿಲ್ಲ.